ಬೀಳುವವರನ್ನ ಹಿಡಿಯುವಾಕಿಗೆ ಅಂಗಿ ಹೊಲಿದದ್ದು

ಚಿತ್ರ ನೋಡಿ ನಾ ಮೊದಲ ಕೇಳಿದ ಮಾತು ಇಷ್ಟ: ಈ ಹುಡುಗಿ ಈ ಅಂಗಿ ತೊಡೂದು ಹೆಂಗ?

ಕುತ್ತಿಗಿಯಿಂದ ಹಿಮ್ಮಡದ ತನಕ ಒಂದ ಬಟ್ಟಿ, ಮೈಗೆ ಅಂಟಿಕೊಂಡು ಕುಂತಿತ್ತು. ಮುಂದ ಗುಂಡಿ ಇಲ್ಲ, ಹಿಂದ ಹುಕ್ ಇಲ್ಲ, ಬಗಲಿಗೆ ಝಿಪ್ ಇಲ್ಲ. ಕುತ್ತಿಗಿ ನೋಡಿದ್ರ ಮುಂಗೈ ತೂರೂದ ಕಷ್ಟ, ಇನ್ನ ತಲಿ ಎಲ್ಲಿಂದ ತೂರತೈತಿ? ಚಿತ್ರ ತಗದಾಕಿ ನನ್ನ ಅಂಗಡಿ ಬಾಗಿಲಾಗ ನಿಂತಿದ್ದಳು. ಇಪ್ಪತ್ತಾರು ಇಪ್ಪತ್ತೇಳರ ಗೋವಾದ ಹುಡುಗಿ, ಗುಂಗುರುಗೂದಲು, ಬೆರಳಿನ ತುಂಬ ಶಾಯಿ. ನನ್ನ ಮಾತು ಕೇಳಿ ಆಕಿ ಚಿತ್ರ ನೋಡಿದಳು, ನನ್ನ ನೋಡಿದಳು, ಮತ್ತ ಚಿತ್ರ ನೋಡಿದಳು. ಮೂರು ವರ್ಷದಿಂದ ಇವಳನ್ನ ಬರಿಯಾಕತ್ತೇನಿ, ಈ ಪ್ರಶ್ನಿ ನನಗ ಬಂದ ಇಲ್ಲ ಅಂತ ಕೊಂಕಣಿಯಾಗ ಅಂದಳು. ನಾ ಬಿಡ್ತೀನೇನು? ಹಂಗಾದ್ರ ಮೂರು ವರ್ಷದಿಂದ ಈಕಿ ಜಳಕ ಮಾಡಿಲ್ಲೇನು ಅಂತ ಕೇಳಿದೆ. ಆಕಿ ನಗೂದು ನೋಡಿ ನನಗೂ ನಗಿ ಬಂತು. ಸ್ಟೂಲ್ ಸರಿಸಿ ಕುಂಡ್ರು ಬಾಯಿ ಅಂದೆ. ಇಲ್ಲಿ ಹುಡುಗ್ಯಾರನ್ನ ಹಂಗ ಕರೀತಾರ.

ನಂದು ಗೋವಾದ ಪರ್ವರಿಯಾಗ ಟೇಲರ್ ಅಂಗಡಿ. ಅಂಗಡಿ ಅಂದ್ರ ದೊಡ್ಡದಲ್ಲ ಮತ್ತ, ಒಂದು ಬಿಲ್ಡಿಂಗಿನ ಮೆಟ್ಟಲ ಕೆಳಗಿನ ಜಾಗ. ಒಂದು ಮಷೀನು, ಒಂದು ಟೇಬಲ್ಲು, ಒಂದು ಕನ್ನಡಿ. ಬ್ಲೌಸ್ ಹೊಲೀತೀನಿ, ಸೀರಿಗೆ ಫಾಲ್ ಹಚ್ಚತೀನಿ, ಜೀನ್ಸ್ ಪ್ಯಾಂಟು ಗಿಡ್ಡ ಮಾಡಿ ಕೊಡತೀನಿ. ಹೊರಗ ಹೈವೇಕ್ಕ ದೊಡ್ಡ ಸೇತುವಿ ಕಟ್ಟೂ ಕೆಲಸ ನಡದು ಎಲ್ಲಾ ಕೆಂಪು ಧೂಳು, ಹೊಲದಿಟ್ಟ ಬಟ್ಟಿ ಮ್ಯಾಲ ಹಾಳಿ ಮುಚ್ಚಿರಬೇಕು. ಗಿರಾಕಿ ಮುಂದ ನನ್ನ ಬಾಯಿ ಸ್ವಲ್ಪ ಜೋರು. ಅಳತಿ ಕೊಡೂ ಮುಂದ ಹೊಟ್ಟಿ ಒಳಗ ಎಳಕೊಂಡು ನಿಂತ್ರ, ಉಸರ ಬಿಡ್ರಿ, ಹಬ್ಬದ ದಿನ ಊಟ ಮಾಡಂಗಿಲ್ಲೇನು ಅಂತ ಅಂದಬಿಡತೀನಿ. ಆದ್ರೂ ಬರತಾರ, ಯಾಕಂದ್ರ ನನ್ನ ಹೊಲಿಗಿ ಬಿಚ್ಚಂಗಿಲ್ಲ.

ಈ ಹುಡುಗಿ ಬಂದದ್ದು ಬ್ಯಾರೆ ಕೆಲಸಕ್ಕ. ಆಕಿ ಚಿತ್ರದ ಕತಿ ಪುಸ್ತಕ ಮಾಡಾಕಿ. ಕಾಮಿಕ್ ಅಂತಾರಲ್ಲ, ಅದು. ಹೊಸಾ ಸೂಪರ್‌ಹೀರೋ, ಅದೂ ಹೆಣ್ಣುಹುಡುಗಿ, ಅದೂ ಗೋವಾದಾಕಿ. ಎರಡು ತಿಂಗಳಿಗೆ ಒಂದು ಪುಸ್ತಕ, ಹಿಂಗ ಸಾಲಾಗಿ ಬರೂವು. ಮೊದಲನೇದು ಇನ್ನ ಮೂರು ವಾರಕ್ಕ ಪಣಜಿಯ ಒಂದು ಹಾಲಿನ್ಯಾಗ ಬಿಡುಗಡಿ. ಆ ದಿವಸ ಒಬ್ಬ ಹುಡುಗಿ ಖರೇನ ಆ ಅಂಗಿ ಹಾಕ್ಕೊಂಡು ನಿಂದರಬೇಕು, ಅದನ್ನ ಹೊಲದು ಕೊಡಾಕ ಯಾರರ ಬೇಕು. ಇಬ್ಬರು ಟೇಲರ್ ಗಂಡಸರ ಕಡೆ ಹೋಗಿದ್ದಳಂತ. ಒಬ್ಬಾಂವ ಚಿತ್ರ ನೋಡಿ ನಾಚಿಕೊಂಡ, ಇನ್ನೊಬ್ಬಾಂವ ಸರ್ಕಸ್ಸಿಗಾ ಅಂತ ಕೇಳಿದ. ನಾ ಒಬ್ಬಾಕಿನ ಅಂಗಿ ಬಗ್ಗೆ ಕೇಳಿದ್ದಂತ.

ನನಗ ಆಗಿಂದ ತಲಿಯಾಗ ಹುಳ ಹೊಕ್ಕಂಗ ಆತು. ಈ ಹುಡುಗಿ ಏನ್ ಮಾಡತಾಳ, ಹಾರತಾಳೇನು, ಹೊಡದಾಡತಾಳೇನು? ಹಾರಂಗಿಲ್ಲ ಅಂದಳು. ಎಲ್ಲಿ ಏನರ ಮ್ಯಾಲಿಂದ ಬೀಳಾಕತ್ತೈತಿ ಅಂದ್ರ ಆಕಿಗೆ ಗೊತ್ತಾಗತೈತಿ, ಓಡಿ ಹೋಗಿ ಹಿಡೀತಾಳ. ತೆಂಗಿನ ಮರದಿಂದ ಜಾರಿದಾಂವನ್ನ ಹಿಡೀತಾಳ, ಸೇತುವಿ ಮ್ಯಾಲಿಂದ ವಾಲಿದ ಬಸ್ಸು ಹಿಡೀತಾಳ. ಹಗಲ ಹೊತ್ತು ಬಸ್ಸಿನ ಕಂಡಕ್ಟರ್ ಕೆಲಸ. ಅಂದ ಮ್ಯಾಲ ಕಿಸೆ ಬೇಕಲ್ಲ, ತಿಕೀಟು ಚಿಲ್ಲರೆ ಎಲ್ಲಿಡತಾಳ ಅಂತ ನಾ ಕೇಳಿದೆ. ಸೂಪರ್‌ಹೀರೋಗಳಿಗೆ ಕಿಸೆ ಇರಂಗಿಲ್ಲ ಮಾವಶಿ ಅಂದಳು. ಯಾಕ ಇರಂಗಿಲ್ಲ ಅಂದೆ. ಪಾಪ, ಅದನ್ನೂ ಚೀಟಿಯಾಗ ಬರಕೊಂಡಳು.

ಮನಿಗೆ ಬಂದು ಮಗಳ ಮುಂದ ಎಲ್ಲಾ ಹೇಳಿದೆ. ಮಗಳು ಹನ್ನೊಂದನೇತಿ ಓದತಾಳ, ಹದಿನಾರು ವರ್ಷ, ನನಗಿಂತ ಒಂದು ಗೇಣು ಎತ್ತರ. ನಾ ಏಳನೇತಿ ತನಕ ಕನ್ನಡ ಸಾಲಿ ಓದೀನಿ, ಇಂಗ್ಲೀಷ್ ಬರಂಗಿಲ್ಲ. ಆಕಿ ಗೆಳತಿ ಕಡಿಂದ ಹಳೇ ಕಾಮಿಕ್ ತಂದು ನನಗ ಪಾಠ ಸುರು ಮಾಡಿದಳು. ಎಡಗಡೆ ಡಬ್ಬಿ ಮೊದಲ, ಆಮ್ಯಾಲ ಬಲಗಡೆದು. ಬಾಯಿಂದ ಬಾಲ ಹೊರಟ ಗುಂಡನ ಗುಳ್ಳಿ ಅಂದ್ರ ಮಾತು, ಮೋಡದಂಗ ಇದ್ರ ಮನಸಿನ ವಿಚಾರ. ನನಗ ಅವೆಲ್ಲಾ ತಿಳೀತು. ತಿಳೀಲಾರದ್ದು ಒಂದ. ಈ ಡಬ್ಬಿಯಾಗ ಮನಶಾ ಮ್ಯಾಲಿದ್ದಾನ, ಮುಂದಿನ ಡಬ್ಬಿಯಾಗ ನೆಲದ ಮ್ಯಾಲಿದ್ದಾನ. ನಡುವ ಬಿಳೀ ಪಟ್ಟಿ ಬಿಟ್ಟಾರಲ್ಲ, ಅಲ್ಲಿ ಏನಾತು? ಅಲ್ಲಿ ಏನೂ ಇಲ್ಲವ್ವ, ಓದವರು ತಾವ ತಿಳಕೋಬೇಕು ಅಂದಳು ಮಗಳು. ಛಲೋ ಧಂದೆ, ಕಷ್ಟದ್ದು ಬಿಟ್ಟು ಹಗರದ್ದು ಬರದಾರ ಅಂದೆ.

ಇಲ್ಲಿ ಒಂದು ಮಾತು ಮೊದಲ ಹೇಳಿಬಿಡಬೇಕು. ನಮ್ಮ ಮನಿಯವ್ರು ಗೌಂಡಿ ಇದ್ದರು, ಗ್ವಾಡಿ ಕಟ್ಟೂ ಕೆಲಸ. ಮಗಳು ಸಣ್ಣಾಕಿ ಇದ್ದಾಗ ನಾವು ಕೊರ್ತಾಲಿಮ್‌ದಾಗ ಇದ್ವಿ, ಅಲ್ಲೇ ಒಂದು ಹೊಸಾ ಬಿಲ್ಡಿಂಗಿನ ಮೂರನೇ ಮಾಳಿಗಿಯಿಂದ ಬಿದ್ದು ತೀರಿಕೊಂಡರು. ಇಷ್ಟು ಮಗಳಿಗೆ ಗೊತ್ತು. ಗೊತ್ತಿಲ್ಲದ್ದು ಏನಂದ್ರ, ಅವ್ರು ಬೀಳೂ ಮುಂದ ನಾ ಕೆಳಗ ನಿಂತಿದ್ದೆ. ಬುತ್ತಿ ತಗೊಂಡು ಹೋಗಿದ್ದೆ. ಮಗಳಿಗೆ ನಾ ಹೇಳಿದ್ದು ಬ್ಯಾರೆ. ಅದು ಶ್ರಾವಣ, ಪಂಚಮಿಗೆ ನಾ ತವರಿಗೆ ಹೋಗಿದ್ದೆ, ಸುದ್ದಿ ಅಲ್ಲಿಗೇ ಬಂತು ಅಂತ. ನಮ್ಮ ಕಡೆ ಪಂಚಮಿಗೆ ಹೆಣ್ಣಮಕ್ಕಳು ತವರಿಗೆ ಹೋಗೂದು ಇದ್ದದ್ದ, ಹಿಂಗಾಗಿ ಯಾರೂ ಮರಳಿ ಕೇಳಂಗಿಲ್ಲ. ಅಲ್ಲಿಂದ ನಾ ಪರ್ವರಿಗೆ ಬಂದು ಹೊಲಿಗಿ ಕಲತೆ, ಹಳೇ ಮಂದಿ ಎಲ್ಲಾ ಚದರಿ ಹೋದರು. ಸುಳ್ಳು ಗಟ್ಟಿ ಆತು.

ಯಾಕ ಸುಳ್ಳು ಹೇಳಿದೆ ಅಂದ್ರ, ಇದ್ದೆ ಅಂತ ಹೇಳಿದ್ರ ಮುಂದಿನ ಪ್ರಶ್ನಿ ಬಂದ ಬರತೈತಿ: ಮತ್ತ ನೀ ಏನ್ ಮಾಡಿದಿ? ಅದಕ್ಕ ನನ್ನ ಕಡೆ ಉತ್ತರ ಇತ್ತು. ಆ ಉತ್ತರ ಕೇಳಿ ಮಗಳು ನನ್ನ ಮುಖ ನೋಡೂದು ಬಿಟ್ಟಾಳು ಅಂತ ಅಂಜಿಕಿ. ನನಗ ಇರೂದು ಆಕಿ ಒಬ್ಬಾಕಿ. ಊರ ಮಂದಿ ಮುಂದ ನಾ ಹುಲಿ, ಈ ವಿಷಯದಾಗ ಮಾತ್ರ ಹೇಡಿ.

ಅಂಗಿ ಕೆಲಸ ನನ್ನ ಮೂರು ಸಲ ಅಳಿಸಿತು. ಎಳದ್ರ ಹಿಗ್ಗೂ ಬಟ್ಟಿ ಬೇಕಾಗಿತ್ತು, ಮಾಪ್ಸಾ ಪ್ಯಾಟಿ ಎಲ್ಲಾ ತಿರುಗಿ ಒಂದು ಕಡೆ ಸಿಕ್ತು. ಕತ್ತರಿಸಿ ಮಷೀನಿಗೆ ಕೊಟ್ರ ಹೊಲಿಗಿ ಬಿಟ್ಟು ಬಿಟ್ಟು ಬೀಳಾಕತ್ತಿತು. ಸೂಜಿ ಬದಲ ಮಾಡಿದೆ, ದಾರ ಬದಲ ಮಾಡಿದೆ, ಮಷೀನಿಗೆ ಅದರ ಕುಲ ಎತ್ತಿ ಬೈದೆ. ಕಡೀಕ ಮಷೀನ್ ರಿಪೇರಿ ಮಾಡವರು ತುದಿ ಮೊಂಡ ಇರೂ ಸೂಜಿ ಕೊಟ್ಟರು, ಆಗ ಸರಿ ಹೋತು. ಹನ್ನೆರಡು ವರ್ಷದ ಸೀರಿ ಬ್ಲೌಸಿನ ಬುದ್ಧಿ ಇಲ್ಲಿ ನಡಿಯಂಗಿಲ್ಲ. ಬ್ಲೌಸಿನ್ಯಾಗ ಮೈ ಬಟ್ಟಿ ಮಾತು ಕೇಳತೈತಿ, ಇದರಾಗ ಬಟ್ಟಿ ಮೈ ಮಾತು ಕೇಳತೈತಿ. ಎಡಬಗಲಿನಿಂದ ಸೊಂಟದ ತನಕ ಯಾರಿಗೂ ಕಾಣದಂಗ ಝಿಪ್ ಇಟ್ಟೆ. ಸೊಂಟಕ್ಕ ಎರಡು ಕಿಸೆ ಹಚ್ಚಿದೆ. ಚಿತ್ರ ಬರಿಯೂ ಹುಡುಗಿ ಅದನ್ನ ನೋಡಿ ಹಿಗ್ಗಿ, ತನ್ನ ಪುಸ್ತಕದಾಗೂ ಕಿಸೆ ಬರೀತೀನಿ ಅಂದಳು. ಮತ್ತ ನಿನ್ನ ಹುಡುಗಿಗೆ ಈಗ ಜಳಕಕ್ಕೂ ದಾರಿ ಆತು ಅಂದೆ.

ಅಂಗಿ ಮೈಮ್ಯಾಲ ಇಟ್ಟು ನೋಡಾಕ ಮಗಳು ಇದ್ದಳಲ್ಲ, ಆಕೀಗೆ ತೊಡಿಸಿ ತೊಡಿಸಿ ನೋಡತಿದ್ದೆ. ಒಂದಿನ ಹಂಗ ತೊಡಿಸಿ ಸ್ಟೂಲ್ ಮ್ಯಾಲ ನಿಂದರಸಿದಾಗ ಆ ಹುಡುಗಿ ಬಂದಳು. ಬಾಗಿಲಾಗ ನಿಂತಾಕಿ ನಿಂತ ಬಿಟ್ಟಳು. ಬಿಡುಗಡಿಗೆ ಇನ್ನ ಯಾರನ್ನೂ ಹುಡುಕಂಗಿಲ್ಲ, ಇವಳ ನಿಂದರಬೇಕು ಅಂದಳು. ಮಗಳು ನನ್ನ ಕಡೆ ನೋಡಿದಳು. ಸಾಲಿಯಾಗ ಘಾಟಿ ಘಾಟಿ ಅಂತ ಕರಸಿಕೊಂಡು ಅಳಕೋತ ಬಂದ ಮಗಳು ಆಕಿ. ಘಾಟಿ ಅಂದ್ರ ಘಟ್ಟ ಇಳದು ಬಂದವರು, ಕರ್ನಾಟಕದ ನಾವು. ಅಂಥಾಕಿನ್ನ ಗೋವಾದ ಸೂಪರ್‌ಹೀರೋ ಆಗಾಕ ಕರೀತಾರಂದ್ರ ನಾ ಬ್ಯಾಡ ಅಂತೀನೇನು? ಹ್ಞೂಂ ಅಂದೆ. ಒಳಗೊಳಗ ಎಷ್ಟು ಹೆಮ್ಮಿ ಅನಿಸಿತು ಅಂದ್ರ, ಅವತ್ತು ಹೊಲದ ಬ್ಲೌಸಿಗೆ ಎರಡೂ ತೋಳು ಎಡಗಡೇವ ಹಚ್ಚಿದ್ದೆ.

ಬಿಡುಗಡಿಗೆ ಹನ್ನೆರಡು ದಿನ ಇದ್ದಾಗ ಆಕಿ ಅಚ್ಚಿಗೆ ಹೋಗೂ ಹಾಳಿ ಎಲ್ಲಾ ತಂದಳು. ಮೊದಲ ನಿಮಗ ತೋರಸಬೇಕು ಮಾವಶಿ, ನೀವು ತಪ್ಪು ಹಿಡೀತೀರಿ ಅಂತ ಹೇಳಿ ಟೇಬಲ್ ಮ್ಯಾಲ ಹಾಸಿದಳು. ಮಗಳು ಓದಿ ಹೇಳಾಕ ಕುಂತಳು. ತೆಂಗಿನ ಮರ ಆತು, ಬಸ್ಸು ಆತು. ಕಂಡಕ್ಟರ್ ಚೀಲ ಎಡಗೈಗೆ ಹಾಕ್ಯಾಳ, ಸರಿ ಐತಿ, ಬಲಗೈಗೆ ಹಾಕಿದ್ರ ತಿಕೀಟು ಹರಿಯೂದು ಹೆಂಗ, ಶಹಭಾಸ್ ಅಂದೆ. ಮುಂದಿನ ಹಾಳಿ ತಿರುವಿದಳು.

ಬಿದಿರು ಕಟ್ಟಿ ಹಲಗಿ ಹಾಕಿದ್ದ ಒಂದು ಬಿಲ್ಡಿಂಗು. ಹಲಗಿ ಮ್ಯಾಲ ಪ್ಲಾಸ್ಟರ್ ಮಾಡೂ ಗೌಂಡಿಗಳು ಆರು ಮಂದಿ. ಒಂದು ಹಲಗಿ ಸರದೈತಿ. ಕೆಳಗ ಸೀರಿ ಉಟ್ಟ ಒಬ್ಬ ಹೆಣ್ಣಮಗಳು, ಕೈಯಾಗ ಬುತ್ತಿ, ಮ್ಯಾಲ ನೋಡಿ ಒದರಾಕತ್ತಾಳ.

ಇಕೀಗೆ ಯಾರು ಹೇಳಿದರು ಅಂತ ಒಂದು ಕ್ಷಣ ಖರೇನ ಸಂಶೆ ಬಂತು. ಯಾರೂ ಹೇಳಿದ್ದಿಲ್ಲ. ಪರ್ವರಿಯಾಗ ಯಾವ ಕಿಡಕಿ ತಗದ್ರೂ ಬಿದಿರು, ಹಲಗಿ, ಗೌಂಡಿ ಕಾಣತಾರ, ಬೀಳವರನ್ನ ಹಿಡಿಯೂ ಹುಡುಗಿ ಕತಿ ಬರಿಯಾಕಿ ಅದನ್ನ ಬಿಡತಾಳೇನು? ಸುಮ್ಮನ ಕತ್ತರಿ ಕೈಗೆ ತಗೊಂಡೆ. ಆ ಹೆಣ್ಣಮಗಳ ಬಾಯಿಂದ ದೊಡ್ಡ ಗುಳ್ಳಿ ಹೊರಟಿತ್ತು. ಅದರಾಗ ಏನೈತಿ ಅಂತ ಕೇಳಿದೆ. ಮಗಳು ಓದಿದಳು, ಒಂದು ಗಂಡಸಿನ ಹೆಸರು. ಗಂಡನ ಹೆಸರು ಹಿಡದು ಒದರತಾಳವ್ವ ಅಂದಳು.

ಬಾಯಿ ಮುಚ್ಚಿಕೊಂಡು ಹಾಳಿ ತಿರುವಿದ್ದರ ಮುಗೀತಿತ್ತು. ಆದ್ರ ತಪ್ಪು ಕಂಡ್ರ ನನ್ನ ನಾಲಿಗಿ ನಿಂದರಂಗಿಲ್ಲ. ನಮ್ಮ ಕಡೆ ಹೆಣ್ಣಮಕ್ಕಳು ಗಂಡನ ಹೆಸರು ಹೇಳಂಗಿಲ್ಲ ಬಾಯಿ, ಇದು ತಪ್ಪು ಅಂದಬಿಟ್ಟೆ.

ಆಕಿ ಕಣ್ಣು ಅರಳಿದವು. ಯಾವಾಗೂ ಹೇಳಂಗಿಲ್ಲೇನು ಅಂತ ಕೇಳಿದಳು. ಮದವ್ಯಾಗ, ಸೀಮಂತದಾಗ ಮಂದಿ ಕಾಡಿದ್ರ ಒಡಪು ಕಟ್ಟಿ ಹೇಳತೀವಿ ಅಂದೆ. ಒಡಪು ಅಂದ್ರೇನು? ನಾಕು ಸಾಲಿನ ಪದ, ಬೆಳ್ಳಿ ಬಟ್ಟಲು, ಮಲ್ಲಿಗಿ ಹೂವು ಏನರ ಪ್ರಾಸ ಹಚ್ಚಿ, ಕಡೀ ಸಾಲಿನ್ಯಾಗ ನಾಚಿಕೊಂಡು ಹೆಸರು ಸೇರಸೂದು. ಇದು ನನಗ ಕೊಂಕಣಿಯಾಗ ಹೇಳಾಕ ಬರಲಿಲ್ಲ, ಮಗಳು ಹೇಳಿದಳು, ಆಕಿ ಬರಕೊಂಡಳು. ಆಮ್ಯಾಲ ಪೆನ್ನು ಎತ್ತಿ, ಬರೇ ತಿಳಕೊಳ್ಳೂ ಆಸೆಗೆ, ಏನೇನೂ ಕಪಟ ಇಲ್ಲದ ಕೇಳಿದಳು.

"ಮತ್ತ ಗಂಡ ಬೀಳಾಕತ್ತಾನ ಅಂದ್ರ ಆಕಿ ಏನಂತ ಕರೀತಾಳ ಮಾವಶಿ?"

"ರೀ ಅಂತಾಳ" ಅಂದೆ.

"ಮ್ಯಾಲ ಆರು ಮಂದಿ ಇದ್ದಾರ. ಯಾರನ್ನ ಕರದಳು ಅಂತ ಅವರಿಗೆ ಹೆಂಗ ಗೊತ್ತಾಗಬೇಕು?"

ನಾ ಮಷೀನಿನ ಗಾಲಿ ನೋಡಕೋತ ಕುಂತಿದ್ದೆ. ಬಾಯಿ ತಾನ ಮಾತಾಡಿತು, ಅದೂ ಕನ್ನಡದಾಗ. ಗೊತ್ತಾಗಂಗಿಲ್ಲ ಅಂದೆ. ಆರೂ ಮಂದಿ ನಮ್ಮ ಕಡೆಯವರು, ಆರೂ ಮಂದಿಗೆ ಹೆಂಡ್ರು ಅದಾರ, ಆರೂ ಹೆಂಡ್ರು ರೀ ಅಂತನ ಕರೀತಾರ. ಇಬ್ಬರು ಬಗ್ಗಿ ನೋಡತಾರ. ಒಬ್ಬಾಂವ ತನ್ನ ಹೆಂಡತಿ ಬಂದಳು ಅಂತ ನಗತಾನ. ಒಬ್ಬಾಂವ ಸರೀತಾನ, ಅವ ಸರದಿದ್ದಕ್ಕ ಹಲಗಿ ಇನ್ನೀಟು ಜಾರತೈತಿ. ಯಾರು ಸರೀಬೇಕೋ ಅವ್ರು ಮಾತ್ರ ತಿರುಗಂಗಿಲ್ಲ. ಗ್ವಾಡಿಗೆ ಮುಖ ಮಾಡಿ ಕರಣಿ ಎಳಕೋತ ನಿಂತಿರತಾರ, ಬ್ಯಾರೆ ಯಾರದೋ ಮನಿಯಾಕಿ ಕರದಿದ್ದಾಳು ಅಂತ.

ಮಗಳು ಮೊದಲೆರಡು ಮಾತು ಕೊಂಕಣಿಯಾಗ ಹೇಳಿ ಆಮ್ಯಾಲ ನಿಲ್ಲಿಸಿಬಿಟ್ಟಿದ್ದಳು. ಕೊಂಕಣಿಯಾಗ ಹೇಳೂದು ಬಿಟ್ಟು ನನ್ನ ನೋಡಾಕತ್ತಿದ್ದಳು. ಆ ಹುಡುಗಿ ಮುಂದೇನು ಅಂತ ಕೇಳಿದಾಗ ಮಗಳು ಸಾವಕಾಶ ಉಳದದ್ದೂ ಹೇಳಿದಳು. ನಾ ಎದ್ದು, ನನಗ ಫಾಲ್ ಹಚ್ಚೂ ಕೆಲಸ ಐತಿ, ನಿಮ್ಮ ಚಿತ್ರ ತಗೀರಿ ಅಂತ ಗದರಿಸಿದೆ.

ಅವತ್ತು ಸಂಜಿಮುಂದ ರೊಟ್ಟಿ ಬಡಿಯೂವಾಗ ಮಗಳು ಬಂದು ಬಾಜೂಕ ಕುಂತಳು. ಒಬ್ಬಾಂವ ನಗತಾನ ಅಂತ ನಿನಗ ಹೆಂಗ ಗೊತ್ತವ್ವ ಅಂದಳು. ಅಂದಾಜು ಅಂದೆ. ನಗೂದು ಅಂದಾಜಿಲೆ ಗೊತ್ತಾಗತೈತೇನು ಅಂದಳು. ವಕೀಲಕಿ ಓದಾಕ ಹೊಂಟೀ ಏನು, ಎದ್ದು ನೀರು ತುಂಬು ಅಂತ ಒದರಿದೆ. ಆಕಿ ಎದ್ದು ಹೋದಳು. ಅಲ್ಲಿಂದ ಹತ್ತು ದಿನ ನಾವಿಬ್ಬರೂ ಬಟ್ಟಿ, ಊಟ, ಬಸ್ಸು ಇಷ್ಟರ ಮ್ಯಾಲ ಮಾತಾಡಿದ್ವಿ. ಅಂಗಿ ಹಾಕಿ ನೋಡೂವಾಗ ಆಕಿ ಕನ್ನಡಿ ಒಳಗಿಂದ ನನ್ನ ನೋಡತಿದ್ದಳು, ನಾ ಗುಂಡುಸೂಜಿ ಬಾಯಾಗ ಕಚ್ಚಿಕೊಂಡು ಮಾತಾಡೂದು ತಪ್ಪಿಸಿಕೊಳ್ಳತಿದ್ದೆ. ಚಿತ್ರ ಬರಿಯೂ ಹುಡುಗಿ ಮಗಳಿಗೆ ಫೋನ್ ಮಾಡಿ, ಆ ಒಂದು ಹಾಳಿ ಸಲುವಾಗಿ ಅಚ್ಚು ಎರಡು ದಿನ ತಡ ಮಾಡಿಸೀನಿ ಅಂದಳಂತ. ಯಾಕ ಅಂತ ನಾ ಕೇಳಲಿಲ್ಲ. ಎಲ್ಲಾದ್ರಾಗೂ ಮೂಗು ತೂರಸಾಕಿ, ಅದೊಂದು ಕೇಳಲಿಲ್ಲ.

ಬಿಡುಗಡಿ ಆದದ್ದು ಒಂದು ಆಯ್ತವಾರ, ಮಧ್ಯಾಹ್ನ ನಾಕು ಗಂಟೇಕ. ನಾನೂ ಮಗಳೂ ಬಸ್ಸಿಗೆ ಪಣಜಿಗೆ ಹೋದ್ವಿ. ಅಂಗಿ ಮಡಚಿದ್ರ ಸುಕ್ಕು ಬೀಳತೈತಿ ಅಂತ ಹಾಸಿಗಿ ಚಾದರಿನ್ಯಾಗ ಸುತ್ತಿ ಕೂಸಿನಂಗ ಎತಗೊಂಡಿದ್ದೆ. ಹಾಲಿನ್ಯಾಗ ನಾ ತಿಳಕೊಂಡದ್ದಕ್ಕಿಂತ ಮಂದಿ ಭಾಳ. ಕಾಲೇಜಿನವರು, ಸಣ್ಣ ಹುಡುಗರನ್ನ ಹೆಗಲ ಮ್ಯಾಲ ಕೂಡಿಸಿಕೊಂಡ ತಂದಿಗಳು, ಕೂದಲಿಗೆ ನೀಲಿ ಬಣ್ಣ ಹಚಗೊಂಡ ಹುಡುಗ್ಯಾರು. ಪುಸ್ತಕದ ಕಟ್ಟು ಬಿಚ್ಚಿ ಟೇಬಲ್ ಮ್ಯಾಲ ಒಟ್ಟಿದ್ದರು, ಹೊಸಾ ಕಾಗದದ ವಾಸನಿ ಬರಾಕತ್ತಿತ್ತು. ದೊಡ್ಡವರೂ ಇಂಥಾ ಪುಸ್ತಕಕ್ಕ ಸಾಲು ಹಚ್ಚತಾರ ಅಂತ ನನಗ ಗೊತ್ತಿದ್ದಿಲ್ಲ, ನೋಡಕೋತ ನಿಂತೆ.

ಒಳಗಿನ ಖೋಲಿಯಾಗ ಮಗಳಿಗೆ ಅಂಗಿ ತೊಡಿಸಿ, ಕಾಲಿಗೆ ಉದ್ದನ ಬೂಟು ಹಾಕಿ ಹೊರಗ ಬಿಟ್ಟೆ. ಆಕಿ ವೇದಿಕಿ ಮುಂದ ಬಂದ ಕೂಡಲೆ ಹುಡುಗರು ಎದ್ದು ಕೂಗಿದರು. ಐದು ವರ್ಷದ ಒಂದು ಹುಡುಗಿ ಓಡಿ ಹೋಗಿ ವೇದಿಕಿ ಹತ್ತಿ ಅಂಚಿಂದ ಆಕಿ ಮ್ಯಾಲ ಜಿಗದಬಿಟ್ಟಿತು, ಖರೇನ ಹಿಡೀತಾಳ ಅಂತ. ಮಗಳು ಹಿಡದಳು. ಎಲ್ಲಾರೂ ಚಪ್ಪಾಳಿ ಹೊಡದರು. ಝಿಪ್ ಹರಿಯಲಿಲ್ಲ, ಅದೂ ನೋಡಿದೆ.

ಆಮ್ಯಾಲ ಗ್ವಾಡಿ ಮ್ಯಾಲಿನ ಬಿಳೀ ಪರದೆಕ್ಕ ಪುಸ್ತಕದ ಹಾಳಿ ಒಂದೊಂದ ದೊಡ್ಡದು ಮಾಡಿ ತೋರಸಾಕತ್ತಿದರು. ಚಿತ್ರ ಬರಿಯೂ ಹುಡುಗಿ ಮೈಕ್ ಹಿಡದು ಹೇಳತಿದ್ದಳು. ಆ ಬಿಲ್ಡಿಂಗಿನ ಹಾಳಿ ಬಂತು. ಈಗ ಅದು ಒಂದ ಹಾಳಿ ಅಲ್ಲ, ಮೂರು. ಕೆಳಗಿನ ಹೆಣ್ಣಮಗಳ ಬಾಯಿಂದ ಹೊರಟ ಗುಳ್ಳಿಯಾಗ ಗಂಡಸಿನ ಹೆಸರು ಇದ್ದಿಲ್ಲ. ಅಷ್ಟೂ ಇಂಗ್ಲೀಷಿನ ನಡುವ ಕನ್ನಡ ಅಕ್ಷರ, ಒಂದ ಒಂದು, ರೀ. ಅಕ್ಷರ ನಮ್ಮ ಮಗಳದು, ದೀರ್ಘ ಬಾಗಿಸೂದು ನಾನ ಕಲಿಸಿದ್ದು. ಮುಂದಿನ ಡಬ್ಬಿಗಳಾಗ ಒಂದೊಂದ ಮುಖ. ಇಬ್ಬರು ಬಗ್ಗಿ ನೋಡತಾರ. ಒಬ್ಬಾಂವ ನಗತಾನ. ಒಬ್ಬಾಂವ ಸರೀತಾನ. ಒಬ್ಬಾಂವಗ ಕೇಳ ಇಲ್ಲ, ಬೀಡಿ ಹಚ್ಚಾಕತ್ತಾನ. ಕಡೇ ಡಬ್ಬಿಯಾಗ ಬರೇ ಬೆನ್ನು, ಸಿಮೆಂಟ್ ಹತ್ತಿದ ಅಂಗಿಯ ಬೆನ್ನು. ಕಂಡಕ್ಟರ್ ಹುಡುಗಿ ಓಡಿ ಬರತಾಳ. ಮ್ಯಾಲ ನೋಡಂಗಿಲ್ಲ. ಕೆಳಗಿನ ಹೆಣ್ಣಮಗಳ ಕಣ್ಣು ನೋಡತಾಳ, ಆ ಕಣ್ಣು ಯಾರ ಮ್ಯಾಲ ನೆಟ್ಟೈತಿ ಅಂತ ನೋಡಿ, ಆ ಬೆನ್ನಿನಾಂವನ್ನ ಹಿಡೀತಾಳ. ಎಷ್ಟು ಹಗರ ಹಿಡೀತಾಳ ಅಂದ್ರ, ಆ ಕಾಗದದ ಹುಡುಗಿ ಮ್ಯಾಲ ನನಗ ಹೊಟ್ಟಿ ಉರೀತು.

ಸಭೆಯಾಗ ಯಾರೋ ಎದ್ದು, ಈ ವಿಚಾರ ನಿಮಗೆಲ್ಲಿಂದ ಹೊಳೀತು ಅಂತ ಕೇಳಿದರು. ಆಕಿ ಹಿಗ್ಗಿಲೆ ನನ್ನ ಕಡೆ ಕೈ ಮಾಡಿದಳು, ಅಂಗಿ ಹೊಲದವರೂ ಅವರ, ಈ ಹಾಳಿ ಕಲಿಸಿದವರೂ ಅವರ ಅಂತ. ಇನ್ನೂರು ಮುಖ ನನ್ನ ಕಡೆ ತಿರುಗಿದವು. ಮೈಕ್ ನನ್ನ ಕೈಗೆ ಬರಾಕತ್ತಿತ್ತು. ನಾ ಚಾದರ ಬಗಲಾಗ ಹಿಡಕೊಂಡು ಬಾಗಿಲ ತಗದು ಹೊರಗ ಬಂದುಬಿಟ್ಟೆ.

ಹಾಲಿನ ಹಿಂದ ಇಳಿಯಾಕ ಪಾವಟಣಿಗಿ ಇದ್ದವು, ಅಲ್ಲಿ ಕುಂತೆ. ಬಿಸಲು ಇನ್ನೂ ಇತ್ತು. ಸ್ವಲ್ಪ ಹೊತ್ತಿಗೆ ಬೂಟಿನ ಸಪ್ಪಳ ಬಂತು. ಮಗಳು ಆ ಅಂಗಿಯಾಗ ಬಂದು ಬಾಜೂಕ ಕುಂತಳು. ಒಳಗ ನಿನ್ನ ಕರೀತಾರ ಹೋಗು ಅಂದೆ. ಆಕಿ ಏಳಲಿಲ್ಲ.

"ನೀ ಅಲ್ಲೇ ಇದ್ದಿ ಅಲ್ಲವ್ವ?" ಅಂದಳು.

ಹದಿನಾಕು ವರ್ಷ ಈ ಮಾತಿಗೆ ಅಂಜಿದ್ದೆ. ಬಂತು. ಇದ್ದೆ ಅಂದೆ. ಒಮ್ಮೆ ಸುರು ಮಾಡಿದ ಮ್ಯಾಲ ಎಲ್ಲಾ ಹೇಳಿದೆ. ಆ ವರ್ಷ ಪಂಚಮಿಗೆ ಕರಿಯಾಕ ನನ್ನ ಅಣ್ಣ ಬರಲಿಲ್ಲ, ನಾ ತವರಿಗೆ ಹೋಗಲಿಲ್ಲ. ಎರಡು ದಿನ ಮಳಿ ಬಿಟ್ಟಿತ್ತು, ಅದಕ್ಕ ಹೊರಗಿನ ಪ್ಲಾಸ್ಟರ್ ಹಿಡದಿದ್ದರು, ಹಲಗಿ ಇನ್ನೂ ಹಸಿ ಇದ್ದವು. ಹಲಗಿ ಕಟ್ಟಿದ ಹಗ್ಗ ಒಂದು ಕಡೆ ಬಿಚ್ಚಿದ್ದು ಮ್ಯಾಲಿದ್ದವರಿಗೆ ಕಾಣಂಗಿಲ್ಲ, ಕೆಳಗಿಂದ ನನಗ ಕಂಡಿತ್ತು. ರೀ, ಸರೀರಿ ಅಂತ ಒದರಿದೆ. ಮೂರು ಸಲ ಒದರಿದೆ. ಹೆಸರು ಗಂಟಲ ತನಕ ಬಂದಿತ್ತು, ಬಾಯಿಗೆ ಬರಲಿಲ್ಲ. ಲಗ್ನ ಆಗಿ ಆರು ವರ್ಷದಾಗ ಮೂರು ಸಲ ಹೇಳಿದ್ದೆ, ಮೂರೂ ಸಲ ಒಡಪಿನ್ಯಾಗ. ಹಲಗಿ ಸರಿಯೂ ಹೊತ್ತಿನ್ಯಾಗ ಒಡಪು ಕಟ್ಟಾಕ ಆಗತೈತೇನು? ಹೆಸರು ಹಿಡದು ಕರದಿದ್ರ ನಿಮ್ಮಪ್ಪ ತಿರುಗಿ ನೋಡತಿದ್ದರು, ಒಂದು ಹೆಜ್ಜಿ ಸರದಿದ್ದರ ಸಾಕಿತ್ತು, ನಾ ಕರೀಲಿಲ್ಲ ಅಂದೆ. ಇದ ನಾ ನಿನ್ನಿಂದ ಮುಚ್ಚಿಟ್ಟದ್ದು ಅಂದೆ.

ಆಕಿ ಮುಖ ನೋಡೂ ಧೈರ್ಯ ಆಗಲಿಲ್ಲ. ಬೈತಾಳ ಅಂತ ಕಾಯಕೋತ ಕುಂತೆ. ಆಕಿ ಮಾತಾಡಿದಾಗ ಸಿಟ್ಟ ಇತ್ತು, ಖರೇ, ಆದ್ರ ನಾ ಅಂಜಿದ ಸಿಟ್ಟು ಅದಲ್ಲ.

"ನಾ ಇಷ್ಟು ವರ್ಷ ಏನ್ ತಿಳಕೊಂಡಿದ್ದೆ ಗೊತ್ತೈತೇನು?" ಅಂದಳು. "ನಮ್ಮಪ್ಪ ಸಾಯೂ ಮುಂದ ಬಾಜೂಕ ತನ್ನವರು ಒಬ್ಬರೂ ಇದ್ದಿಲ್ಲ ಅಂತ. ಸಣ್ಣಾಕಿದ್ದಾಗಿಂದ ಮಲಗೂ ಮುಂದ ಅದ ಬರತಿತ್ತು ನನ್ನ ಕಣ್ಣಿಗೆ. ಯಾರೂ ಇಲ್ಲದ ನೆಲದ ಮ್ಯಾಲ ಬಿದ್ದಾನ ಅಂತ. ಒಮ್ಮೆಯರ ಹೇಳಬಾರದಾಗಿತ್ತೇನು?"

ಇದು ನನ್ನ ತಲಿಗೆ ಹೊಳದ ಇದ್ದಿಲ್ಲ. ನನ್ನ ತಪ್ಪು ಮುಚ್ಚಾಕ ಹೋಗಿ ನಾ ಆಕಿ ಅಪ್ಪನ್ನ ಒಬ್ಬನ್ನ ಸಾಯಾಕ ಬಿಟ್ಟಿದ್ದೆ, ಆಕಿ ಕಣ್ಣಾಗ, ದಿನಾ.

ನೀ ಹತ್ತರ ಹೋದ್ಯಾ ಅಂತ ಕೇಳಿದಳು. ಹೋದೆ, ತಲಿ ತೊಡಿ ಮ್ಯಾಲ ಇಟಗೊಂಡೆ ಅಂದೆ. ಜೀವ ಇತ್ತಾ ಅಂದಳು. ಗಾಡಿ ಬರೂ ತನಕ ಇತ್ತು ಅಂದೆ. ಏನರ ಮಾತಾಡಿದರಾ ಅಂದಳು. ಮಾತು ಬರಲಿಲ್ಲ, ಕಣ್ಣು ತಗದಿದ್ದರು ಅಂದೆ. ಒಂದೊಂದ ಕೇಳಿದಳು, ಒಂದೊಂದ ಹೇಳಿದೆ. ಮುಚ್ಚಿಡಾಕ ಇನ್ನೇನು ಉಳದಿತ್ತು? ಮತ್ತ ನಾ ಎಲ್ಲಿದ್ದೆ ಅಂತ ಕೇಳಿದಳು.

"ನನ್ನ ಬಗಲಾಗ" ಅಂದೆ. "ನಿನಗ ಎರಡು ವರ್ಷ. ನಾ ಕೆಳಗ ಕುಂತಾಗ ನಿನ್ನ ಕಾಲು ಅವರ ಕೈಗೆ ಸಿಕ್ತು. ಹಿಡಕೊಂಡರು. ಗಾಡಿ ಬಂದು ಬಿಡಿಸೂ ತನಕ ಬಿಡಲಿಲ್ಲ. ಕೈಯಾಗಿನ ಸಿಮೆಂಟ್ ನಿನ್ನ ಕಾಲಿಗೆ ಹತ್ತಿ ಒಣಗಿತ್ತು. ಮರುದಿನದ ತನಕ ನಾ ತೊಳೀಲಿಲ್ಲ."

ಒಳಗ ಹುಡುಗರು ಸೂಪರ್‌ಹೀರೋ ಎಲ್ಲಿ ಹೋದಳು ಅಂತ ಗದ್ದಲ ಮಾಡಾಕತ್ತಿದ್ದರು. ಮಗಳು ಬಗ್ಗಿ ಬೂಟಿನ ಝಿಪ್ ಎಳದಳು. ಎರಡೂ ಬೂಟು ಕಳದು ಬಾಜೂಕ ಇಟ್ಟು, ಎರಡೂ ಕಾಲು ಪಾವಟಣಿಗಿ ಮ್ಯಾಲ ಚಾಚಿದಳು.

"ಯಾವ ಕಾಲು?" ಅಂತ ಕೇಳಿದಳು.

ನಾ ಎಡಗಾಲು ಮುಟ್ಟಿದೆ.